ಮೊದಲ ಶಿಳ್ಳೆ

ಅಕ್ಟೋಬರ್ 12

ಇದು ಮಗಳು ಝಾನ್ಸಿ ತನ್ನ ಬ್ಯಾಂಕಿನಿಂದ ತಂದುಕೊಟ್ಟ ಡೈರಿ. ಹೋದ ಸಂಕ್ರಾಂತಿಯಿಂದ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಟೈಲರ್ ನೂಕರಾಜುವಿಗೆ ಡೈರಿ ಯಾಕೆ ಎಂದು ನಾನೇ ಎತ್ತಿಟ್ಟಿದ್ದೆ. ಇವತ್ತು ಕೆಳಗಿಳಿಸಿ ಒರೆಸಿದೆ.

ರಾಜಮಂಡ್ರಿಯ ಕಣ್ಣಿನ ಡಾಕ್ಟರಮ್ಮ ಹೇಳಿದ್ದು ಇಷ್ಟು. ಎಡಗಣ್ಣು ಮುಗಿದ ಕಥೆ. ಬಲಗಣ್ಣಿನ ಹಿಂದೆಯೂ ಸಕ್ಕರೆ ಕಾಯಿಲೆ ಕೆಲಸ ಶುರುಮಾಡಿದೆ. ಒಳಗಿನ ರಕ್ತನಾಳ ಯಾವಾಗ ಒಡೆಯುತ್ತದೋ ಹೇಳಲಾಗದು, ಸೂಜಿಮದ್ದು ಕೊಟ್ಟು ನೋಡೋಣ. ಸಂಕ್ರಾಂತಿವರೆಗೆ ನಡೆಯುತ್ತಾ ಎಂದು ಕೇಳಿದೆ. ಯಾಕೆ, ಮಗಳ ಮದುವೆ ಇದೆಯಾ ಎಂದರು. ನಮ್ಮ ದೊರೆಯ ಸಿನಿಮಾ ಇದೆ ಎಂದೆ. ಅವರು ನನ್ನನ್ನು ಬಿಟ್ಟು ಝಾನ್ಸಿಯ ಮುಖ ನೋಡಿದರು. ಅವಳು ನೆಲ ನೋಡಿದಳು.

ಬಸ್ಸಿನಲ್ಲಿ ಒಂದು ಉಪಾಯ ಹೊಳೆಯಿತು. ದಿನಾ ಒಂದಿಷ್ಟು ಬರೆಯುವುದು, ಮರುದಿನ ಅದನ್ನು ಓದುವುದು. ಓದಲು ಬಂದರೆ ಕಣ್ಣು ಇದೆ ಎಂದು ಲೆಕ್ಕ. ಯಾವ ಡಾಕ್ಟರಮ್ಮನೂ ಬೇಡ.

ಅಕ್ಟೋಬರ್ 13

ನಿನ್ನೆಯದು ಓದಿದೆ. ಪೂರ್ತಿ.

ಅಕ್ಟೋಬರ್ 21

ಬುಜ್ಜಿಬಾಬು ಬಂದಿದ್ದ. ಅವನು ದೊರೆಯ ಅಭಿಮಾನಿ ಸಂಘದ ಕಾರ್ಯದರ್ಶಿ, ನಾನು ಅಧ್ಯಕ್ಷ. ಅವನ ತಲೆಯಲ್ಲಿ ಒಂದು ಕರಿಕೂದಲಿಲ್ಲ, ಆದರೂ ಊರಿಗೆಲ್ಲ ಅವನಿನ್ನೂ ಪುಟ್ಟ ಹುಡುಗ, ಬುಜ್ಜಿ. ಸಂಕ್ರಾಂತಿ ಸಿನಿಮಾವೇ ದೊರೆಯ ಕಡೆಯದಂತೆ, ಆಮೇಲೆ ಬಣ್ಣ ಹಚ್ಚುವುದಿಲ್ಲವಂತೆ. ಬುಜ್ಜಿ ಇದನ್ನು ಹೇಳಿ ಹೆಗಲ ಮೇಲಿನ ಟವೆಲಿನಲ್ಲಿ ಕಣ್ಣೊರೆಸಿಕೊಂಡ. ನನಗೆ ಅಳು ಬರಲಿಲ್ಲ. ಕಡೆಯದಾದರೆ ಆಗಲಿ, ಅದನ್ನು ನೋಡುವುದೊಂದು ಆದರೆ ಸಾಕು.

ದೊರೆ ಎಂದರೆ ಉದಯಭಾರ್ಗವ. ತಣುಕು ಎಂಬ ಈ ನಮ್ಮ ಊರಿನಲ್ಲಿ ಅವನ ಪೂರ್ತಿ ಹೆಸರು ಹೇಳುವವರು ಪೋಸ್ಟರಿಗೆ ಅಂಟು ಹಚ್ಚುವವರು ಮಾತ್ರ. ಅವನ ಮೊದಲ ಸಿನಿಮಾ ರಾಧಾಮನೋಹರ ಟಾಕೀಸಿಗೆ ಬಂದಾಗ ನಾನು ಟೈಲರ್ ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿಯುವ ಹುಡುಗ. ಒಳಗೆ ಕುರ್ಚಿಗಳಿದ್ದವು, ಜನರಿರಲಿಲ್ಲ. ಇದ್ದ ನಾಲ್ಕು ಜನವೂ ಆಕಳಿಸುತ್ತಿದ್ದರು. ಅವನು ಬೆನ್ನು ತೋರಿಸಿ ನಿಂತಿದ್ದ, ತಿರುಗಿದ. ಏನಾಯಿತೋ ಗೊತ್ತಿಲ್ಲ, ಎರಡು ಬೆರಳು ನಾಲಿಗೆ ಕೆಳಗೆ ಹೋಗಿದ್ದವು. ಆ ಒಂದು ಶಿಳ್ಳೆ ಹೊರಗಿನ ಕಡಲೆಕಾಯಿ ಗಾಡಿಯವರೆಗೆ ಕೇಳಿಸಿ, ಒಳಗೆ ಏನೋ ನಡೆಯುತ್ತಿದೆ ಎಂದು ಜನ ಬಂದರು. ಹಾಗೆಂದು ಊರು ಹೇಳುತ್ತದೆ, ನಾನೂ ಬೇಡ ಎನ್ನುವುದಿಲ್ಲ.

ಅವತ್ತಿನಿಂದ ನಮ್ಮ ಟಾಕೀಸಿನ ಕಟ್ಟಳೆ ಇದು. ದೊರೆಯ ಕಾಲು ತೋರಿಸಲಿ, ಕೈ ತೋರಿಸಲಿ, ಯಾರೂ ಉಸಿರೆತ್ತುವುದಿಲ್ಲ. ಮುಖ ತಿರುಗಬೇಕು, ನೂಕರಾಜು ಶಿಳ್ಳೆ ಹಾಕಬೇಕು, ಆಮೇಲೆ ಛಾವಣಿ ಹಾರಿಹೋದರೂ ಸರಿ. ಪಕ್ಕದ ಊರಿನವರು ನಗುತ್ತಾರೆ. ನಗಲಿ.

ಝಾನ್ಸಿಗೆ ಇದು ಹಿಡಿಸದು. ಪಕ್ಕದವರಿಗೂ ಕಿವಿ ಇರುತ್ತದೆ, ದುಡ್ಡು ಕೊಟ್ಟು ಬಂದವರು ಸಿನಿಮಾ ಕೇಳಬೇಕಲ್ಲ ಎನ್ನುತ್ತಾಳೆ. ಸುಮ್ಮನೆ ಕೂತು ನೋಡೋಕೆ ಅದೇನು ಎಕ್ಸ್‌ರೇನಾ ಎಂದು ನಾನು ಕೇಳುತ್ತೇನೆ. ಹೋದ ವರ್ಷ ಅವಳೇ ರಾಜಮಂಡ್ರಿಯ ಒಂದು ಹವಾನಿಯಂತ್ರಿತ ಹಾಲಿಗೆ ಕರೆದೊಯ್ದಿದ್ದಳು. ಶಿಳ್ಳೆ ಹಾಕಿದೆ. ಒಬ್ಬ ಟಾರ್ಚು ಹಿಡಿದು ಬಂದು, ಸಾರ್, ಹೊರಗೆ ಬನ್ನಿ ಎಂದ. ಅವಳ ಬ್ಯಾಂಕಿನವರು ಹಿಂದಿನ ಸಾಲಿನಲ್ಲೇ ಇದ್ದರಂತೆ. ಅದಾದ ಮೇಲೆ ನಾವಿಬ್ಬರೂ ಸಿನಿಮಾ ಮಾತು ಬಿಟ್ಟೆವು.

ನವೆಂಬರ್ 3

ಕಣ್ಣಿಗೇ ಸೂಜಿ ಚುಚ್ಚುತ್ತಾರೆ. ನೋವಿಲ್ಲ ಎನ್ನುತ್ತಾರೆ, ಸುಳ್ಳು. ಕಣ್ಣೊಳಗೆ ಜೇಡರ ಬಲೆ ಆಡುತ್ತಿದೆ, ಒರೆಸಿದರೆ ಹೋಗದು. ಅಂಗಡಿಯಲ್ಲಿ ಒಬ್ಬಳ ರವಿಕೆಗೆ ಎರಡು ತೋಳನ್ನೂ ಒಂದೇ ಕಡೆಗೆ ಹೊಲಿದೆ. ಹೆಂಡತಿ ಸತ್ತೆಮ್ಮ ಏನೂ ಹೇಳದೆ ಬಿಚ್ಚಿ ಮತ್ತೆ ಹೊಲಿದಳು. ಏನಾದರೂ ಹೇಳಬಾರದಾಗಿತ್ತೇ ಈ ಹೆಂಗಸು. ಮದುವೆಯಾದಾಗಿನಿಂದ ಬೈದವಳು ಈಗ ಬಾಯಿ ಕಟ್ಟಿಕೊಂಡಿದ್ದಾಳೆ ಎಂದರೆ ನನ್ನ ಗತಿ ಮುಗಿಯಿತೆಂದೇ ಅರ್ಥ.

ಝಾನ್ಸಿ ಫೋನಿನಲ್ಲಿ, ಪೇಪರಿನಲ್ಲಿ ಬಂದಿದೆ, ನಿಮ್ಮ ದೊರೆಗೂ ಮೈ ಸರಿಯಿಲ್ಲವಂತೆ, ಆಸ್ಪತ್ರೆಗೆ ಹೋಗಿ ಬಂದರಂತೆ ಎಂದಳು. ಪೇಪರಿನವರಿಗೆ ಬೇರೆ ಕೆಲಸವಿಲ್ಲ. ಫೋನು ಇಟ್ಟೆ.

ನವೆಂಬರ್ 15

ಬರೆಯಬಾರದು ಎಂದುಕೊಂಡಿದ್ದೆ. ಬರೆದೇಬಿಡುತ್ತೇನೆ.

ಇವತ್ತು ದೊರೆಯ ಹುಟ್ಟುಹಬ್ಬ. ರಾಧಾಮನೋಹರದಲ್ಲಿ ಹೊಸ ಸಿನಿಮಾದ ತುಣುಕು ತೋರಿಸಿದರು. ಟಿಕೆಟ್ಟಿಲ್ಲ, ಟಾಕೀಸು ತುಂಬಿ ಜನ ಬಾಗಿಲಲ್ಲೂ ನಿಂತಿದ್ದರು. ನಾನು ಎಂದಿನ ಜಾಗದಲ್ಲಿ, ಮಧ್ಯದ ಸಾಲಿನ ಅಂಚಿಗೆ. ತೆರೆ ನನಗೆ ಒದ್ದೆ ಗಾಜಿನ ಆಚೆ ಇದ್ದ ಹಾಗೆ. ಡೋಲು ಶುರುವಾಯಿತು. ಕಾರು ನಿಂತಿತು, ಕಾಲು ಕೆಳಗಿಟ್ಟ, ಎತ್ತರದ ಆಳು, ಬಿಳಿ ಬಟ್ಟೆ. ತಿರುಗಿದ. ನಾನು ಬೆರಳು ಇಟ್ಟು ಹಾಕಿದೆ, ಇದ್ದ ಉಸಿರನ್ನೆಲ್ಲ ಹಾಕಿ.

ಯಾರೂ ಜೊತೆಗೂಡಲಿಲ್ಲ. ನನ್ನ ಶಿಳ್ಳೆ ಒಂದೇ ಹೋಗಿ ಗೋಡೆಗೆ ತಾಗಿ ಬಂತು. ಆಮೇಲೆ ನಗು. ಅದು ವಿಲನ್ನು.

ದೊರೆಯ ಮುಖ ಬಂದಾಗ ಬುಜ್ಜಿ ನನ್ನ ಹೆಗಲು ಒತ್ತಿದ. ಶಿಳ್ಳೆ ಹಾಕಿದೆ, ಗಾಳಿ ಮಾತ್ರ ಬಂತು. ಹುಡುಗರು ಕಾಯದೆ ಕೂಗಿದರು. ತುಣುಕಿನಲ್ಲಿ ದೊರೆಯ ಮಾತು ಒಂದೂ ಇರಲಿಲ್ಲ, ಬರೀ ಡೋಲು. ಮಾತೆಲ್ಲ ಸಿನಿಮಾಕ್ಕೆ ಉಳಿಸಿದಾರೆ ಎಂದು ಬುಜ್ಜಿ ದಾರಿಯುದ್ದಕ್ಕೂ ಹೇಳಿದ. ನನ್ನನ್ನು ಸಮಾಧಾನ ಮಾಡಲು ಅವನಿಗೆ ಬೇರೆ ವಿಷಯ ಸಿಕ್ಕಲಿಲ್ಲ.

ನವೆಂಬರ್ 16

ಅಂಗಡಿ ತೆಗೆಯಲಿಲ್ಲ.

ನವೆಂಬರ್ 24

ಒಡೆಯಿತು. ಕೈಯಂದಾಜಿನಲ್ಲೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಪೆಸರಟ್ಟು ದೋಸೆ ತಿನ್ನುವಾಗ ಬಲಗಣ್ಣಿನಲ್ಲಿ ಕೆಂಪು ಇಳಿಯಿತು, ಶಾಯಿ ಚೆಲ್ಲಿದ ಹಾಗೆ. ತಟ್ಟೆ ಕಾಣದಾಯಿತು. ಸತ್ತೆಮ್ಮಾ ಎಂದು ಕೂಗಿದೆ, ಅವಳು ಎದುರಿಗೇ ಕೂತಿದ್ದಳು.

ಡಾಕ್ಟರಮ್ಮ ಆಪರೇಷನ್ ಮಾಡಬಹುದು ಎಂದರು. ರಕ್ತ ತಿಳಿಯಾಗಲು ಸಮಯ ಬೇಕು, ಕಾಯೋಣ ಎಂದರು. ಆಪರೇಷನ್ ಆದರೂ ಎಷ್ಟು ಬರುತ್ತದೆ ಎಂದು ಕೇಳಿದರೆ ಝಾನ್ಸಿಯ ಜೊತೆ ಹೊರಗೆ ಹೋಗಿ ಮಾತಾಡಿದರು. ನನ್ನ ಕಣ್ಣಿನ ವಿಷಯ ನನಗೆ ಬಿಟ್ಟು ಎಲ್ಲರಿಗೂ ಗೊತ್ತು.

ನವೆಂಬರ್ 28

ನಿನ್ನೆ ಬರೆದದ್ದನ್ನು ಇವತ್ತು ಓದುವ ಆಟ ಮುಗಿಯಿತು. ಆದರೂ ಬರೆಯುತ್ತಿದ್ದೇನೆ. ಸತ್ತೆಮ್ಮ ರಟ್ಟಿನಲ್ಲಿ ಸೀಳು ಕತ್ತರಿಸಿ ಕೊಟ್ಟಿದ್ದಾಳೆ, ಪೆನ್ನು ಆ ಸೀಳಿನಲ್ಲಿ ಹೋಗುತ್ತದೆ, ಸಾಲು ಮುಗಿದರೆ ರಟ್ಟು ಕೆಳಗೆ. ಯಾರಿಗೆ ಬರೆಯುತ್ತಿದ್ದೇನೋ.

ಮಧ್ಯಾಹ್ನ ಟೀವಿಯಲ್ಲಿ ದೊರೆಯ ಹಳೆಯ ಸಿನಿಮಾ ಬಂತು. ನಾನು ಟಾಕೀಸಿನಲ್ಲಿ ಲೆಕ್ಕವಿಲ್ಲದಷ್ಟು ಸಲ ನೋಡಿದ್ದು, ಮೊದಲ ಶಿಳ್ಳೆ ನನ್ನದೇ. ಸತ್ತೆಮ್ಮನಿಗೆ ಮಷೀನು ನಿಲ್ಲಿಸು ಎಂದೆ. ಕತ್ತಲಲ್ಲಿ ಕೂತು ಕೇಳಿದೆ. ಕಾಲಿನ ಸದ್ದು ಬಂತು, ಬಾಗಿಲು ಕಿರುಗುಟ್ಟಿತು, ಈಗ ಮುಖ ತಿರುಗುತ್ತದೆ ಎಂದು ಗೊತ್ತಾಯಿತು. ಆಗ ಒಬ್ಬ ಹೆಂಗಸು ಮಾತಾಡಿದಳು. "ಬಂದ್ಯೇನೋ? ಕೈ ಕಾಲು ತೊಳ್ಕೋ, ಅನ್ನ ಆರ್ತಾ ಇದೆ." ಅದಕ್ಕೆ ದೊರೆ ಮೆತ್ತಗೆ, "ಇವತ್ತು ನೀನೇ ಕಲಸಿ ಕೊಡಮ್ಮಾ" ಎಂದ.

ಇದು ಯಾರು ಎಂದು ಸತ್ತೆಮ್ಮನನ್ನು ಕೇಳಿದೆ. ಅವನ ತಾಯಿ, ಬಾಗಿಲ ಹತ್ತಿರ ನಿಂತಿದ್ದಾಳಲ್ಲ ಎಂದಳು. ಆ ಜಾಗದಲ್ಲಿ ಮಾತು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಆ ತಾಯಿ ಇಷ್ಟು ವರ್ಷ ಬಾಗಿಲಲ್ಲಿ ನಿಂತು ಅನ್ನ ಆರುತ್ತಿದೆ ಎಂದು ಹೇಳುತ್ತಲೇ ಇದ್ದಾಳೆ, ನಾನು ಪ್ರತಿಸಲವೂ ಅವಳ ಮೇಲೆ ಶಿಳ್ಳೆ ಹಾಕಿದ್ದೇನೆ. ದೊರೆಯ ಆ ದನಿ, ಬೆಣ್ಣೆಯಂಥ ದನಿ, ಎಲ್ಲಿತ್ತು ಇದು?



ಡಿಸೆಂಬರ್ 9

ಲೆಕ್ಕ ಹಾಕಿ ನೋಡಿದೆ, ಆಪರೇಷನ್ ಸಂಕ್ರಾಂತಿಗೆ ಮೊದಲು ಆಗದು. ಸಂಕ್ರಾಂತಿ ಸಿನಿಮಾ ನಾನು ನೋಡಲಾರೆ. ಕೇಳಬಹುದು. ಆದರೆ ರಾಧಾಮನೋಹರದಲ್ಲಿ ಮೊದಲ ದಿನ ಏನು ಕೇಳಿಸುತ್ತದೆ? ಶಿಳ್ಳೆ, ಪಟಾಕಿ, ಕುರ್ಚಿ ಮುರಿಯುವ ಸದ್ದು. ಕಣ್ಣಿದ್ದವರಿಗೆ ಅದು ಹಬ್ಬ, ನನಗೆ ಇನ್ನೊಂದು ಕತ್ತಲು. ವಾರ ಬಿಟ್ಟು ಗದ್ದಲ ತಗ್ಗಿದ ಮೇಲೆ ಹೋಗಿ ಎನ್ನುತ್ತಾಳೆ ಸತ್ತೆಮ್ಮ. ದೊರೆಯ ಸಿನಿಮಾವನ್ನು ನೂಕರಾಜು ಹಳಸಿದ ಮೇಲೆ ಉಣ್ಣಬೇಕೇ?

ಟಾಕೀಸಿನ ಮ್ಯಾನೇಜರ್ ಮಂಗಪತಿಯ ಹತ್ತಿರ ಸತ್ತೆಮ್ಮನ ಕೈ ಹಿಡಿದು ಹೋದೆ. ಮೊದಲ ಆಟ ಒಂದಕ್ಕೆ ಗಲಾಟೆ ಮಾಡಬೇಡಿ ಎಂದು ಬೋರ್ಡು ಹಾಕು ಎಂದೆ. ಅವನು ಟೀ ಕುಡಿಯುತ್ತಿದ್ದ, ನೆತ್ತಿಗೆ ಹತ್ತಿ ಕೆಮ್ಮಿದ.

"ಗುರುಗಳೇ, ಒಳಗಿಂದ ಸದ್ದು ಬರ್ಲಿಲ್ಲ ಅಂದ್ರೆ ಮಧ್ಯಾಹ್ನದ ಆಟಕ್ಕೆ ಕ್ಯೂನಲ್ಲಿ ನಿಂತಿರೋರು ಏನಂದ್ಕೋತಾರೆ? ಸಿನಿಮಾ ಸತ್ತೋಯ್ತು ಅಂತ ಎದ್ದು ಹೋಗ್ತಾರೆ. ನೀವೇ ಹೇಳಿಕೊಟ್ಟಿದ್ದಲ್ವಾ ಇದು?"

ಹೌದು, ನಾನೇ ಹೇಳಿಕೊಟ್ಟದ್ದು.

ಡಿಸೆಂಬರ್ 17

ಬುಜ್ಜಿಗೆ ಹೇಳಿದೆ. ಹುಡುಗರಿಗೆ ಸುಮ್ಮನಿರಲು ಹೇಳು, ಒಂದೇ ಆಟ, ನನಗೋಸ್ಕರ ಎಂದೆ. ಅಧ್ಯಕ್ಷ ಎಂಬ ದರ್ಪ ಬಿಟ್ಟು ಬೇಡಿದೆ. ಅವನು ಕುರ್ಚಿ ಹಿಂದಕ್ಕೆ ಸರಿಸಿದ.

"ಮಾವ, ನಿನ್ನ ಕಣ್ಣು ಹೋಗಿದೆ. ನಮ್ಮ ಬಾಯಿ ಹೋಗಿಲ್ಲ. ಕಡೇ ಸಿನಿಮಾ ಇದು. ದೊರೆನ ಮೂಕರ ಥರ ಕಳಿಸ್ಬೇಕಾ?"

ಎದ್ದುಹೋದ. ಅವನ ಚಪ್ಪಲಿಯ ಸದ್ದು ತಿರುವಿನವರೆಗೆ ಕೇಳಿಸಿತು. ಹೇಳಿದ್ದರಲ್ಲಿ ತಪ್ಪೇನಿದೆ? ಕಣ್ಣಿದ್ದಾಗ ನಾನಾದರೆ ಇನ್ನೂ ಕೆಟ್ಟ ಮಾತು ಆಡುತ್ತಿದ್ದೆ.

ಡಿಸೆಂಬರ್ 20

ದೇವರೇ, ಈ ಕಣ್ಣು ನಿನಗೇ ಇರಲಿ. ಸಂಕ್ರಾಂತಿಯ ದಿನ ಒಂದು ಆಟದಷ್ಟು ಹೊತ್ತು ಸಾಲ ಕೊಡು. ಮುಖ ತಿರುಗುವಷ್ಟು ಹೊತ್ತು ಸಾಕು. ಯಾವ ದೇವರಿಗೆ ಬರೆಯುತ್ತಿದ್ದೇನೆ ಎಂದೂ ಗೊತ್ತಿಲ್ಲ, ಯಾರು ಓದಬಲ್ಲರೋ ಅವರೇ ಓದಿಕೊಳ್ಳಲಿ.

ಡಿಸೆಂಬರ್ 26

ಝಾನ್ಸಿ ಬಂದಿದ್ದಾಳೆ. ರಾಜಮಂಡ್ರಿಯ ಅದೇ ಹಾಲಿನಲ್ಲಿ ಟಿಕೆಟ್ ತೆಗೆಸುತ್ತೇನೆ, ಅಲ್ಲಿ ಗಲಾಟೆ ಇರದು, ನಾನು ಕಿವಿಯಲ್ಲಿ ಏನೇನಾಗುತ್ತಿದೆ ಹೇಳುತ್ತೇನೆ ಎಂದಳು. ಮೊದಲಾಗಿದ್ದರೆ ಹರಿಹಾಯುತ್ತಿದ್ದೆ. ಆ ಟಾರ್ಚಿನವನು ಇನ್ನೂ ಇದ್ದಾನಾ ಎಂದು ಮಾತ್ರ ಕೇಳಿದೆ. ಅವಳು ನಕ್ಕಳು, ಆಮೇಲೆ ಮೂಗು ಒರೆಸಿದ ಸದ್ದಾಯಿತು. ಆಗಲಿ ಎಂದೆ.

ಒಪ್ಪಿದ ಮೇಲೆ ಅನ್ನ ಸೇರಲಿಲ್ಲ. ಮೊದಲ ದಿನ ರಾಧಾಮನೋಹರದಲ್ಲಿ ನನ್ನ ಕುರ್ಚಿ ಖಾಲಿ ಇದ್ದರೆ ಆ ಕುರ್ಚಿಗೆ ಏನೆನ್ನಿಸೀತು? ಮರದ ಕುರ್ಚಿಗೆ ಏನೆನ್ನಿಸುತ್ತದೆ. ಮೂರ್ಖ.

ಜನವರಿ 5

ಡೈರಿಯ ಹಾಳೆ ಮುಗಿಯಿತು. ಸತ್ತೆಮ್ಮ ಮತ್ತೆ ಮೊದಲಿಗೆ ತಿರುಗಿಸಿ, ಖಾಲಿ ಬಿಟ್ಟ ಜನವರಿ ಪುಟ ತೆಗೆದುಕೊಟ್ಟಿದ್ದಾಳೆ. ಹೋದ ವರ್ಷದ ಜನವರಿ. ಆಗ ಕಣ್ಣಿತ್ತು, ಬರೆಯಲು ಏನೂ ಇರಲಿಲ್ಲ.

ಬುಜ್ಜಿ ಬಂದ. ಅವನ ಜೊತೆ ಅರಿಸೆಲು ಕಜ್ಜಾಯದ ವಾಸನೆ ಬಂತು, ಹೆಂಡತಿ ಕಳಿಸಿದ್ದಳಂತೆ. ಕ್ಷಮಿಸು ಎನ್ನಲು ಅವನಿಗೆ ಬರುವುದಿಲ್ಲ, ಅರಿಸೆಲು ತಿನ್ನು ತಿನ್ನು ಎಂದ. ನನಗೆ ಸಕ್ಕರೆ ಕಾಯಿಲೆ ಎಂಬುದೇ ಮರೆತಿದ್ದ. ಆಮೇಲೆ ಹೇಳಿದ.

"ಮಾವ, ನಮ್ಮ ಕಟ್ಟಳೆ ಏನು? ನೀನು ಹಾಕೋವರೆಗೂ ಯಾರೂ ಹಾಕೋ ಹಾಗಿಲ್ಲ. ಸರಿ, ನೀನು ಹಾಕ್ಬೇಡ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೇಳ್ಕೋ. ಒಬ್ಬ ಉಸಿರೆತ್ತಿದ್ರೆ ನನ್ನ ಕೇಳು."

ಹುಡುಗರು ಒಪ್ಪುತ್ತಾರಾ ಎಂದೆ. ಅವರಿಗೆಲ್ಲ ಹೇಳಿಯಾಗಿದೆ, ಬೈದರು, ಒಪ್ಪಿದರು ಎಂದ. ಒಂದು ಅರಿಸೆಲು ತಿಂದೆ. ಸತ್ತೆಮ್ಮ ನೋಡಿದಳೋ ಇಲ್ಲವೋ, ಬೈಯಲಿಲ್ಲ.

ಝಾನ್ಸಿಗೆ ರಾಜಮಂಡ್ರಿ ಟಿಕೆಟ್ ಬೇಡ ಎಂದು ಫೋನು ಮಾಡಿದೆ. ರೇಗುತ್ತಾಳೆ ಎಂದುಕೊಂಡಿದ್ದೆ. ತಾನೂ ಬರುತ್ತೇನೆ ಎಂದಳು.

ಜನವರಿ 13

ಭಯ. ಬರೆದರೆ ಕಡಿಮೆಯಾಗುತ್ತದೆ ಎಂದುಕೊಂಡೆ, ಆಗುವುದಿಲ್ಲ. ಹುಡುಗರು ತಡೆದುಕೊಳ್ಳದಿದ್ದರೆ? ನನಗೇ ತಡೆಯಲಾಗದಿದ್ದರೆ? ಸಂಕ್ರಾಂತಿ ಆದ ಮೇಲೆ ನನಗೆ ಕಾಯಲು ಏನಿದೆ? ಇದನ್ನು ಸತ್ತೆಮ್ಮನಿಗೂ ಕೇಳಿದೆ. ಅವಳು ಮಷೀನಿನ ಚಕ್ರ ನಿಲ್ಲಿಸಿ, ನಾಳೆ ಬಿಳಿ ಅಂಗಿ ಹಾಕ್ಕೊಳ್ಳಿ, ಗುಂಡಿ ಹೊಲಿದಿದ್ದೇನೆ ಎಂದಳು.

ಜನವರಿ 14

ಸಾಲು ಸರಿಯಾಗಿ ಬರುತ್ತಿದೆಯೋ ಇಲ್ಲವೋ.

ನಿನ್ನೆಯ ಭೋಗಿ ಹಬ್ಬದ ಬೆಂಕಿಯ ಹೊಗೆ ಇನ್ನೂ ಬೀದಿಯಲ್ಲೆಲ್ಲ ತುಂಬಿತ್ತು. ಬೆಳಗಿನ ಆಟ. ಟಾಕೀಸಿನ ಹೊರಗೆ ಹಾಲಿನ ವಾಸನೆ, ಹೂವಿನ ವಾಸನೆ, ದೊರೆಯ ಕಟೌಟಿಗೆ ಅಭಿಷೇಕ ಮಾಡಿದ್ದರು. ಜನ ನನಗೆ ದಾರಿ ಬಿಟ್ಟರು. ಹಿಂದೆಲ್ಲ ಗೌರವಕ್ಕೆ ಬಿಡುತ್ತಿದ್ದರು, ಇವತ್ತು ಕೋಲಿಗೆ ಬಿಟ್ಟರು. ನನ್ನ ಕುರ್ಚಿಯಲ್ಲಿ ಕೂತೆ. ಎಡಕ್ಕೆ ಬುಜ್ಜಿ, ಬಲಕ್ಕೆ ಝಾನ್ಸಿ.

ಡೋಲು ಶುರುವಾಯಿತು. ಝಾನ್ಸಿ ಕಿವಿಯಲ್ಲಿ, ಒಂದು ದೋಣಿ ಬರ್ತಿದೆ ಅಪ್ಪಾ ಎಂದಳು. ಕಾಲು ಎಂದಳು. ಬೆನ್ನು ಎಂದಳು. ಆಮೇಲೆ ನನ್ನ ಕೈ ಹಿಸುಕಿದಳು. ಮುಖ ತಿರುಗಿತು.

ನಾನು ಹಾಕಲಿಲ್ಲ. ಯಾರೂ ಹಾಕಲಿಲ್ಲ. ಅಷ್ಟು ಜನ, ಆ ಕಿಕ್ಕಿರಿದ ಟಾಕೀಸು, ಒಬ್ಬನ ಉಸಿರು ಇನ್ನೊಬ್ಬನಿಗೆ ಕೇಳಿಸುವಷ್ಟು ಸುಮ್ಮನಾಯಿತು. ಹುಡುಗರು ಮಾತು ಉಳಿಸಿಕೊಂಡರು. ಫ್ಯಾನಿನ ಸದ್ದು, ತೆರೆಯ ಮೇಲಿನ ನೀರಿನ ಸದ್ದು. ದೊರೆ ಮಾತಾಡಿದ.

ಮೊದಲು ಬೇರೆ ಯಾರೋ ಎಂದುಕೊಂಡೆ. ಯಾರೋ ಮುದುಕ. ಒಂದು ಪದ, ಉಸಿರು, ಇನ್ನೊಂದು ಪದ, ಉಸಿರು. ನಾಲಿಗೆ ತೊದಲುತ್ತಿತ್ತು. ಊರಿಗೆ ಊರನ್ನೇ ಬೆದರಿಸುವ ಮಾತು ಅದು, ಆದರೆ ಮಂಚದ ಮೇಲಿಂದ ನೀರು ಕೇಳುವವನ ದನಿ. ಕಣ್ಣಿದ್ದವರಿಗೆ ಮೀಸೆ ಕಾಣುತ್ತಿತ್ತು, ಬಣ್ಣ ಹಚ್ಚಿದ ಕೂದಲು ಕಾಣುತ್ತಿತ್ತು. ನನಗೆ ಆ ದನಿ ಬಿಟ್ಟು ಏನೂ ಇರಲಿಲ್ಲ. ನನ್ನ ದೊರೆ ಸಾಯುತ್ತಿದ್ದಾನೆ ಎಂದು ಗೊತ್ತಾಯಿತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬ, ಇದೇನೋ ಇದು ಎಂದ. ಬುಜ್ಜಿಯ ಕೈ ನನ್ನ ತೊಡೆಯ ಮೇಲೆ ತಣ್ಣಗಾಯಿತು. ಎಲ್ಲರಿಗೂ ಕೇಳಿಸುತ್ತಿತ್ತು. ನಾನು ಬೇಡಿ ಪಡೆದ ಮೌನದಲ್ಲಿ ಪ್ರತಿಯೊಬ್ಬನಿಗೂ ಕೇಳಿಸುತ್ತಿತ್ತು.

ಬೆರಳು ನಾಲಿಗೆ ಕೆಳಗೆ ಇಟ್ಟೆ. ಗಾಳಿ ಬಂದೀತೆಂದು ಹೆದರಿದ್ದೆ. ಬಂತು, ಶಿಳ್ಳೆಯೇ ಬಂತು. ಇಡೀ ಟಾಕೀಸು ಎದ್ದು ನಿಂತಿತು, ಕಟ್ಟೆ ಒಡೆದ ಕಾಲುವೆಯ ಹಾಗೆ. ದೊರೆಯ ಮಾತು ಮುಚ್ಚಿಹೋಯಿತು. ಅವನು ನಿಲ್ಲಿಸಿದ್ದಾನೋ ಇಲ್ಲವೋ ನನಗೆ ತಿಳಿಯದು, ಹಾಗಾಗಿ ನಾನೂ ನಿಲ್ಲಿಸಲಿಲ್ಲ. ಎಲ್ಲರೂ ಸುಸ್ತಾಗಿ ಸದ್ದು ತಗ್ಗಿದಾಗ ಅವನು ಮತ್ತೆ ಶುರುಮಾಡಿದ, ನನ್ನ ಉಸಿರು ಮುಗಿದಿತ್ತು. ಆಗ ಬಲಕ್ಕೆ ಒಂದು ಚಪ್ಪಾಳೆ ಕೇಳಿಸಿತು. ತಾಳವಿಲ್ಲದ, ಅಭ್ಯಾಸವಿಲ್ಲದ, ಜೋರಾದ ಚಪ್ಪಾಳೆ. ಝಾನ್ಸಿ.

ಉಳಿದ ಸಿನಿಮಾದಲ್ಲಿ ಒಂದು ಮಾತೂ ನನಗೆ ಕೇಳಿಸಲಿಲ್ಲ. ಕಥೆ ಏನೋ ಗೊತ್ತಿಲ್ಲ.

ಹೊರಗೆ ಮಧ್ಯಾಹ್ನದ ಆಟದ ಕ್ಯೂ ಇತ್ತು. ಒಳಗೆ ಏನು ಸದ್ದು ಗುರುಗಳೇ, ಸಿನಿಮಾ ಹೇಗಿದೆ, ದೊರೆ ಹೇಗೆ ಮಾತಾಡಿದ್ದಾರೆ ಎಂದು ಕೇಳಿದರು. ಗುಡುಗು ಎಂದೆ. ಝಾನ್ಸಿ ನನ್ನ ತೋಳು ಬಿಡಲಿಲ್ಲ.

ಬುಜ್ಜಿ ಗೇಟಿನ ಹತ್ತಿರ ಅಳುತ್ತಿದ್ದ. ಅವನನ್ನು ಹತ್ತಿರ ಕರೆದು ಹೇಳಿದೆ.

"ಲೇ, ಹುಡುಗರಿಗೆಲ್ಲ ಹೇಳು. ಮಧ್ಯಾಹ್ನದ ಆಟದಿಂದ ಕಾಲು ಕಂಡ ತಕ್ಷಣ ಶುರು ಮಾಡ್ಬೇಕು. ದೊರೆ ಮಾತಾಡೋವಾಗಂತೂ ನಿಲ್ಲಿಸ್ಬಾರ್ದು. ನನಗೋಸ್ಕರ ಯಾರೂ ಕಾಯೋದು ಬೇಡ."